26 ವರ್ಷ, ಎರಡು ಸಾಲ, ಒಂದು ಕಾರ್: ಇಟ್ಟುಕೊಳ್ಳೋದಾ, ಮಾರೋದಾ?

ತೆಂಗಿನಸೀಮೆ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಊರು ತಿಪಟೂರಿನ ಹತ್ತಿರ ಒಂದು ಹಳ್ಳಿ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಇರೋದು ಜಯನಗರದಲ್ಲಿ, ಗೆಳತಿಯರ ಜೊತೆ ಬಾಡಿಗೆ ಮನೆ. 2023ರಲ್ಲಿ ಹೊಸ ವ್ಯಾಗನ್‌ಆರ್ ತಗೊಂಡೆ. ಈಗ ಅದನ್ನು ಇಟ್ಟುಕೊಳ್ಳಬೇಕಾ, ಮಾರಬೇಕಾ ಅನ್ನೋದು ಪ್ರಶ್ನೆ.

ಕೈಗೆ ಬರೋದು ತಿಂಗಳಿಗೆ 52,000. ಬಾಡಿಗೆಯಲ್ಲಿ ನನ್ನ ಪಾಲು 13,000. ಓದಿನ ಸಾಲದ ಕಂತು 9,000, ಅದರಲ್ಲಿ ಇನ್ನೂ 4 ಲಕ್ಷ ಬಾಕಿ ಇದೆ, ಬಡ್ಡಿ 11%. ಕಾರ್ ಕಂತು 10,500. ಮನೆಗೆ 6,000 ಕಳಿಸುತ್ತೇನೆ. ಉಳಿದ 13,500ರಲ್ಲಿ ಊಟ, ಪೆಟ್ರೋಲ್, ಪಾರ್ಕಿಂಗ್, ಫೋನ್, ಬಟ್ಟೆ ಎಲ್ಲ. ಉಳಿತಾಯ ಅಂತ ಬ್ಯಾಂಕಲ್ಲಿ ಇರೋದು 22,000.

ಕಾರ್ ತಗೊಂಡಾಗ ಅದಕ್ಕೆ ಕಾರಣ ಇತ್ತು. ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋ ಇರಲಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಬಸ್ ಬದಲಿಸಿ ಹೋಗೋ ಹೊತ್ತಿಗೆ ಅರ್ಧ ಜೀವ ಹೋಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು. ಆರ್.ವಿ. ರಸ್ತೆ ನಿಲ್ದಾಣಕ್ಕೆ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಆಫೀಸ್ ಇರೋದು ವಾರಕ್ಕೆ ಮೂರು ದಿನ. ಈಗ ಕಾರ್ ಹೆಚ್ಚಿನ ದಿನ ಹೊಂಗೆ ಮರದ ಕೆಳಗೆ ನಿಂತೇ ಇರುತ್ತದೆ. ಗಾಜಿನ ಮೇಲೆ ಹೂವು, ಎಲೆ, ಧೂಳು. ವೈಪರ್ ಹಾಕಿದರೆ ಕೆಸರಿನ ಕಮಾನು ಮೂಡುತ್ತದೆ.

ಆದರೆ ಡೌನ್ ಪೇಮೆಂಟ್ ಕೊಟ್ಟಿದ್ದು ಅಪ್ಪ. ಅಟ್ಟದ ಮೇಲೆ ಹತ್ತು ತಿಂಗಳಿಗೂ ಜಾಸ್ತಿ ಒಣಗಿದ ಉಂಡೆ ಕೊಬ್ಬರಿ ಮಾರಿ ಕೊಟ್ಟರು. ಆ ವರ್ಷ ಕೊಬ್ಬರಿ ಬೆಲೆ ಬಿದ್ದುಹೋಗಿತ್ತು. ಕಾದಿದ್ದರೆ ಜಾಸ್ತಿ ಸಿಗುತ್ತಿತ್ತೇನೋ. ಅವರು ಕಾಯಲಿಲ್ಲ. ಕೆಎ 44 ನಂಬರೇ ಇರಲಿ, ನಮ್ಮ ತಿಪಟೂರಿನದು ಅಂತ ಹೇಳಿ ಅಲ್ಲೇ ನೋಂದಣಿ ಮಾಡಿಸಿದರು. ಅಂಥ ಕಾರನ್ನು ಮಾರುತ್ತೇನೆ ಅಂತ ಹೇಗೆ ಹೇಳಲಿ? ದಯವಿಟ್ಟು ಲೆಕ್ಕನೂ ಹೇಳಿ, ಲೆಕ್ಕದ ಆಚೆ ಇರೋದನ್ನೂ ಹೇಳಿ.

ಬಸವನಗುಡಿ_ಬೆಣ್ಣೆ

ಮಾರಿಬಿಡಿ. ಬೆಂಗಳೂರಲ್ಲಿ ಕಾರ್ ನಿಲ್ಲಿಸೋಕೆ ಜಾಗ ಹುಡುಕೋದೇ ಇನ್ನೊಂದು ಕೆಲಸ. ಬೇಕಾದಾಗ ಆಟೋ, ಕ್ಯಾಬ್ ಇದೆ ಅಲ್ವಾ?

ಲೆಕ್ಕದ_ಪುಸ್ತಕ

ತೆಂಗಿನಸೀಮೆ ಅವರೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಥ್ಯಾಂಕ್ಸ್. ಕೆಲವು ವಿವರ ಬೇಕು. ಸಾಲ ಎಷ್ಟು ತಗೊಂಡಿದ್ದು, ಬಡ್ಡಿ ಎಷ್ಟು, ಎಷ್ಟು ವರ್ಷಕ್ಕೆ? ಈಗ ಮಾರಿದರೆ ಎಷ್ಟು ಸಿಗುತ್ತದೆ ಅಂತ ಕೇಳಿದ್ದೀರಾ? ವಿಮೆ, ಸರ್ವಿಸ್, ಪಾರ್ಕಿಂಗ್ ಎಷ್ಟಾಗುತ್ತೆ?

ತೆಂಗಿನಸೀಮೆ

ಸಾಲ 5 ಲಕ್ಷ, 9.5%, 5 ವರ್ಷ. ಸರಿಯಾಗಿ ಅರ್ಧ ಕಂತು ಮುಗಿದಿದೆ. ಇಬ್ಬರು ಡೀಲರ್‌ಗಳನ್ನು ಕೇಳಿದೆ. ಇಬ್ಬರೂ 4.5 ಲಕ್ಷದ ಹತ್ತಿರ ಹೇಳಿದರು. ಸೆಪ್ಟೆಂಬರ್‌ಗೆ ಮುಂಚೆ ಇನ್ನೂ ಸ್ವಲ್ಪ ಜಾಸ್ತಿ ಹೇಳುತ್ತಿದ್ದರು. ವಿಮೆ ವರ್ಷಕ್ಕೆ 14,000ದ ಆಸುಪಾಸು. ಸರ್ವಿಸ್ 8,000. ಪಕ್ಕದ ರಸ್ತೆಯ ಖಾಲಿ ಸೈಟಿನಲ್ಲಿ ನಿಲ್ಲಿಸೋಕೆ ತಿಂಗಳಿಗೆ 1,500. ಪೆಟ್ರೋಲ್ 3,000, ಅದರಲ್ಲಿ ಮುಕ್ಕಾಲು ಪಾಲು ಊರಿಗೆ ಹೋಗಿ ಬರೋದಕ್ಕೇ.

ಲೆಕ್ಕದ_ಪುಸ್ತಕ

ಬೆಲೆ ಇಳಿದಿದ್ದಕ್ಕೆ ಕಾರಣ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. ಹೊಸ ಕಾರೇ ಅಗ್ಗವಾದಾಗ ಹಳೆಯದಕ್ಕೆ ಯಾರು ಮೊದಲಿನ ಬೆಲೆ ಕೊಡುತ್ತಾರೆ? ಆ ಬೆಲೆ ವಾಪಸ್ ಬರುತ್ತೆ ಅಂತ ಕಾಯಬೇಡಿ.

ಈಗ ಮುಖ್ಯ ವಿಷಯ. ಎಲ್ಲರೂ ಕಾರಿನ ಖರ್ಚು ಅಂದರೆ ಕಂತು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಕಂತಿನ ಒಂದು ಭಾಗ ನಿಮ್ಮದೇ ಸಾಲ ತೀರಿಸುತ್ತದೆ, ಅದು ಖರ್ಚಲ್ಲ. ನಿಜವಾದ ಖರ್ಚು ಬೇರೆ. ಕಾರಿನ ಬೆಲೆ ಎಷ್ಟು ಇಳಿಯುತ್ತೆ, ಬಡ್ಡಿ ಎಷ್ಟು ಹೋಗುತ್ತೆ, ನಿಂತಲ್ಲೇ ಎಷ್ಟು ತಿನ್ನುತ್ತೆ, ಈ ಮೂರು.

ಸಾಲ ಮುಗಿಯೋಕೆ ಇನ್ನು ಎರಡೂವರೆ ವರ್ಷ. ಇವತ್ತು 4.5 ಲಕ್ಷದ ಕಾರ್ ಅವತ್ತಿಗೆ 3 ಲಕ್ಷಕ್ಕೆ ಹೋದೀತು ಅಂತ ಇಟ್ಟುಕೊಳ್ಳೋಣ. 1.5 ಲಕ್ಷ ಇಳಿತ, ಅಂದರೆ ತಿಂಗಳಿಗೆ 5,000. ಉಳಿದ ಕಂತುಗಳಲ್ಲಿ ಬಡ್ಡಿ ಒಟ್ಟು 35,500ರಷ್ಟು, ತಿಂಗಳಿಗೆ ಸುಮಾರು 1,200. ವಿಮೆ ತಿಂಗಳಿಗೆ 1,200. ಪಾರ್ಕಿಂಗ್ 1,500. ಸರ್ವಿಸ್ 700. ಕೂಡಿದರೆ 9,600. ಒಂದು ಹನಿ ಪೆಟ್ರೋಲ್ ಹಾಕೋಕೆ ಮುಂಚೆ. ಕಾರ್ ಹೊಂಗೆ ಮರದ ಕೆಳಗೆ ನಿಂತಿರೋದಕ್ಕೇ ಇಷ್ಟು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರೋಲ್ಲ. ಅರ್ಧ ಕಂತು ಮುಗಿದರೆ ಅರ್ಧ ಸಾಲ ಮುಗಿದಂತೆ ಅಲ್ಲ. ಮೊದಲ ವರ್ಷಗಳಲ್ಲಿ ಬಡ್ಡಿಯ ಪಾಲು ಜಾಸ್ತಿ. ನಿಮ್ಮ ಅಸಲು ಈಗ ಸುಮಾರು 2.8 ಲಕ್ಷ ಬಾಕಿ ಇರುತ್ತದೆ, 2.5 ಲಕ್ಷ ಅಲ್ಲ. ಕಾರ್ ಸಾಲ ಹೆಚ್ಚಾಗಿ ಸ್ಥಿರ ಬಡ್ಡಿಯದು. ಅವಧಿಗೆ ಮುಂಚೆ ಮುಚ್ಚಿದರೆ ಹಲವು ಬ್ಯಾಂಕ್‌ಗಳು ಶುಲ್ಕ ಹಾಕುತ್ತವೆ. 5% ಅಂತ ಇದ್ದರೆ 14,000, ಅದರ ಮೇಲೆ ಜಿಎಸ್‌ಟಿ. ಒಟ್ಟು 2.96 ಲಕ್ಷ ಕೊಟ್ಟು ಮುಚ್ಚಿದರೆ ನಿಮ್ಮ ಕೈಗೆ ಸುಮಾರು 1.5 ಲಕ್ಷ ಉಳಿಯುತ್ತದೆ. ನಿಮ್ಮ ಬ್ಯಾಂಕಿನ ಶುಲ್ಕ ಎಷ್ಟು ಅಂತ ಸಾಲದ ಕರಾರಿನಲ್ಲೇ ಬರೆದಿರುತ್ತದೆ, ನೋಡಿ.

ಬೀದರ್_ಬೆಳಗು

ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಆದರೆ ಒಬ್ಬ ಹೆಣ್ಣುಮಗಳಾಗಿ ನಾನು ಬೇರೆ ಮಾತು ಹೇಳಲೇಬೇಕು.

ನಮ್ಮ ಮನೆಯಲ್ಲಿ ಮೊದಲು ಡ್ರೈವಿಂಗ್ ಕಲಿತ ಹೆಂಗಸು ನಾನು. ಅಮ್ಮ ಎಲ್ಲಿಗೆ ಹೋಗಬೇಕಾದರೂ ಅಪ್ಪನ ಬಿಡುವು ಕಾಯಬೇಕಿತ್ತು. ನಾನು ಸ್ಟೀರಿಂಗ್ ಹಿಡಿದ ಮೇಲೆ ಅಮ್ಮ ಮುಂದಿನ ಸೀಟಿನಲ್ಲಿ ಕೂತು ತವರಿಗೆ ಹೋದಳು. ಆ ಖುಷಿಗೆ ತಿಂಗಳಿಗೆ ಎಷ್ಟು ಅಂತ ಬರೆಯೋದು? ಮದುವೆ ಆದಮೇಲೆ ತಗೊಂಡರಾಯಿತು ಅಂತ ಎಲ್ಲರೂ ಹೇಳುತ್ತಾರೆ. ಮದುವೆ ಆದಮೇಲೆ ಕಾರ್ ಯಾರ ಹೆಸರಲ್ಲಿ ಇರುತ್ತೆ, ಕೀ ಯಾರ ಜೇಬಲ್ಲಿ ಇರುತ್ತೆ ಅನ್ನೋದನ್ನೂ ಯೋಚಿಸಿ. ನಿಮ್ಮ ಹೆಸರಲ್ಲಿ ಒಂದು ವಾಹನ ಇರೋದು ದೊಡ್ಡ ವಿಷಯ. ದಯವಿಟ್ಟು ಅದನ್ನು ಹಗುರಾಗಿ ತಗೋಬೇಡಿ.

ತೆಂಗಿನಸೀಮೆ

ಬೀದರ್_ಬೆಳಗು ಅವರೇ, ನೀವು ಹೇಳಿದ್ದು ನೇರವಾಗಿ ತಾಗಿತು. ಎಡೆಯೂರಿಗೆ ಅಮ್ಮನನ್ನು ಕರೆದುಕೊಂಡು ಹೋದಾಗ ಅವಳು ದಾರಿಯುದ್ದಕ್ಕೂ ಕಿಟಕಿ ಇಳಿಸಿಕೊಂಡೇ ಕೂತಿದ್ದಳು. ಬಸ್ಸಿನಲ್ಲಿ ಅವಳಿಗೆ ವಾಂತಿ ಬರುತ್ತದೆ, ಕಾರಿನಲ್ಲಿ ಬರೋಲ್ಲ. ನನ್ನನ್ನು ಕಟ್ಟಿಹಾಕಿರೋದು ಇಂಥ ವಿಷಯಗಳೇ. ಆಫೀಸಿಗೆ ಹೋಗೋದು ನನಗೆ ಚಿಂತೆಯೇ ಅಲ್ಲ.

ಲೆಕ್ಕದ_ಪುಸ್ತಕ

ಬೀದರ್_ಬೆಳಗು ಅವರ ಮಾತನ್ನು ನಾನು ಅಲ್ಲಗಳೆಯೋಲ್ಲ. ಆದರೆ ಸ್ವಾತಂತ್ರ್ಯದ ಇನ್ನೊಂದು ಮುಖ ನೋಡಿ. ಈಗ ಇವರ ಬ್ಯಾಂಕಲ್ಲಿ ಇರೋದು 22,000. ನಾಳೆ ಕೆಲಸ ಹೋದರೆ ಒಂದು ತಿಂಗಳ ಬಾಡಿಗೆ, ಒಂದು ಕಂತಿಗೆ ಸಾಕು, ಅಷ್ಟೇ. ಮ್ಯಾನೇಜರ್ ಕೆಟ್ಟದಾಗಿ ನಡೆಸಿಕೊಂಡರೂ ರಾಜೀನಾಮೆ ಕೊಡೋಕೆ ಆಗೋಲ್ಲ. ಕೈಲಿ ಆರು ತಿಂಗಳ ಖರ್ಚು ಇರೋ ಹುಡುಗಿ ಕೆಲಸ ಬಿಡಬಹುದು, ಊರಿಗೆ ಹೋಗಿ ಓದಬಹುದು, ಇಷ್ಟವಿಲ್ಲದ ಮದುವೆಗೆ ಬೇಡ ಅನ್ನಬಹುದು. ನನ್ನ ಮಟ್ಟಿಗೆ ಆ ದುಡ್ಡು ಕಾರಿಗಿಂತ ದೊಡ್ಡ ಸ್ವಾತಂತ್ರ್ಯ. ಇದನ್ನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಮಲೆನಾಡ_ಮಳೆ

ಇಲ್ಲಿ ಎಲ್ಲರೂ ಬೆಂಗಳೂರಿನಲ್ಲಿ ಕೂತು ಮಾತಾಡುತ್ತಿದ್ದೀರಿ. ನಮ್ಮ ಕಡೆ ಕತೆ ಬೇರೆ. ನಾನು ತೀರ್ಥಹಳ್ಳಿ ತಾಲ್ಲೂಕಿನವನು, 27 ವರ್ಷ. ಮನೆಯಿಂದ ಮುಖ್ಯರಸ್ತೆಗೆ ಬರೋಕೇ ಮಣ್ಣುದಾರಿಯಲ್ಲಿ ಹತ್ತು ನಿಮಿಷ. ಬಸ್ ಬೆಳಿಗ್ಗೆ ಒಂದು, ಸಂಜೆ ಒಂದು. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಬಸ್ಸೂ ಇಲ್ಲ, ಕರೆಂಟೂ ಇಲ್ಲ, ಫೋನೂ ಸಿಗೋಲ್ಲ. ಗಾಡಿಯಲ್ಲಿ ಒಂದು ಕತ್ತಿ, ಒಂದು ಹಗ್ಗ ಯಾವಾಗಲೂ ಇರುತ್ತದೆ. ಸಣ್ಣ ಮರ ಆದರೆ ಕಡಿದು ಪಕ್ಕಕ್ಕೆ ಎಳೆದು ಹೋಗುತ್ತೇವೆ.

ನನ್ನ ಸಂಬಳ 24,000. ಹಳೇ ಆಲ್ಟೋ ಇದೆ. ಇಟ್ಟುಕೊಳ್ಳಬೇಕಾ ಅಂತ ನಾನೂ ಲೆಕ್ಕ ಹಾಕಿದೆ. ಬಾಡಿಗೆ ಗಾಡಿ ಮಾಡಿದರೆ ಒಂದು ಸಲ ಶಿವಮೊಗ್ಗಕ್ಕೆ ಹೋಗಿ ಬರೋಕೆ, ಅಲ್ಲಿ ಕಾಯೋದಕ್ಕೆ ಸೇರಿ 2,500ಕ್ಕೆ ಕಡಿಮೆ ಇಲ್ಲ. ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ 20,000 ದಾಟುತ್ತದೆ. ಸ್ವಂತ ಗಾಡಿಗೆ ಅದರ ಅರ್ಧವೂ ಆಗೋಲ್ಲ. ನಾನು ಮಾರೋಲ್ಲ. ಅದರ ಟೈರ್ ಬದಲಿಸೋಕೆ ಬೇರೆ ಎಲ್ಲ ಖರ್ಚು ನಿಲ್ಲಿಸುತ್ತೇನೆ.

ತೆಂಗಿನಸೀಮೆ ಅವರೇ, ನಿಮ್ಮ ಊರಲ್ಲಿ ಅಂಥ ಅಗತ್ಯ ಇದೆಯಾ? ಅದೊಂದನ್ನು ಹೇಳಿ.

ತೆಂಗಿನಸೀಮೆ

ನಿಮ್ಮ ಅಪ್ಪ ಬೇಗ ಚೇತರಿಸಿಕೊಳ್ಳಲಿ ಅಂತ ಮನಸಾರೆ ಹಾರೈಸುತ್ತೇನೆ. ನಮ್ಮಲ್ಲಿ ದೇವರ ದಯೆಯಿಂದ ಹಾಗೆ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಆದರೆ ಓಡಾಡಿಕೊಂಡಿದ್ದಾರೆ. ಅವರಿಗೆ ಕಾರ್ ಓಡಿಸೋಕೆ ಬರೋಲ್ಲ, ಮೊಪೆಡ್ ಇದೆ. ತಿಪಟೂರಿಗೆ ಬಸ್ ಗಂಟೆಗೊಂದು ಇದೆ. ತಿಪಟೂರಿಂದ ಬೆಂಗಳೂರಿಗೆ ರೈಲೂ ಇದೆ, ಬಸ್ಸೂ ಇದೆ. ನಾನು ಕಾರಲ್ಲಿ ಹೋಗೋದು ಅನುಕೂಲಕ್ಕೆ, ಮತ್ತೆ ಅಮ್ಮನಿಗೋಸ್ಕರ.

ಇನ್ನೊಂದು ದಾರಿನೂ ಯೋಚಿಸಿದ್ದೆ. ಕಾರನ್ನು ಊರಲ್ಲೇ ಬಿಟ್ಟರೆ? ಪಾರ್ಕಿಂಗ್ ಉಳಿಯುತ್ತೆ, ಹೋದಾಗ ಬಳಸಬಹುದು. ಇದು ಹೇಗೆ?

ಗ್ಯಾರೇಜ್_ಗೆಳೆಯ

ಊರಲ್ಲಿ ಬಿಡೋ ಯೋಚನೆ ಮಾಡೋ ಮುಂಚೆ ಇದನ್ನು ಓದಿ. ನಾನು ಗಾಡಿ ರಿಪೇರಿ ಕೆಲಸದಲ್ಲಿದ್ದೇನೆ. ನಮ್ಮ ಹತ್ತಿರ ಬರೋ ಗಾಡಿಗಳಲ್ಲಿ ಜಾಸ್ತಿ ಓಡಿ ಕೆಟ್ಟಿದ್ದಕ್ಕಿಂತ ನಿಂತು ಕೆಟ್ಟಿದ್ದು ನೋಡಿದರೆ ಬೇಜಾರಾಗುತ್ತೆ.

ಹದಿನೈದು ದಿನ, ತಿಂಗಳು ನಿಂತರೆ ಬ್ಯಾಟರಿ ಇಳಿಯುತ್ತದೆ. ಲಾಕ್, ಅಲಾರಂ, ಗಡಿಯಾರ, ಇವೆಲ್ಲ ಕಾರ್ ನಿಂತಾಗಲೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ಹಾಗೇ ಬಿದ್ದಿದ್ದರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಹಿಡಿಯೋಲ್ಲ. ಟೈರ್‌ನಲ್ಲಿ ಗಾಳಿ ಇಳಿದು, ನೆಲಕ್ಕೆ ತಾಗಿದ ಭಾಗ ಚಪ್ಪಟೆ ಆಗುತ್ತದೆ. ಬ್ರೇಕ್ ಡಿಸ್ಕ್ ಮೇಲೆ ತುಕ್ಕು. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

ಹಳ್ಳಿಯಲ್ಲಿ ಇವಕ್ಕಿಂತ ದೊಡ್ಡ ಶತ್ರು ಇಲಿ. ಕೊಬ್ಬರಿ ಇರೋ ಮನೆ ಅಂದಿರಿ. ಇಲಿ ಇದ್ದೇ ಇರುತ್ತದೆ. ಹೋದ ವರ್ಷ ಒಂದು ಕಾರ್ ಬಂತು. ಬಾನೆಟ್ ತೆಗೆದರೆ ಬ್ಯಾಟರಿ ಪಕ್ಕ ತೆಂಗಿನ ನಾರಿನ ಗೂಡು, ಅದರೊಳಗೆ ಚಿಂದಿ ಬಟ್ಟೆ. ಇಂಜಿನ್ ವೈರಿಂಗ್ ಮೂರು ಕಡೆ ಬರೀ ತಾಮ್ರದ ಎಳೆ. ವೈರಿಂಗ್ ಪೂರ್ತಿ ಬದಲಿಸಬೇಕಾಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸೋರು ಮನೆಯಲ್ಲಿ ಇದ್ದರೆ ಊರಲ್ಲಿ ಇಡಿ. ಯಾರಿಗೂ ಓಡಿಸೋಕೆ ಬರೋಲ್ಲ ಅಂದರೆ ಖಂಡಿತ ಬೇಡ.

ದಾವಣಗೆರೆ_ಫೋಟೋ

ನಾನು ಮದುವೆ ಫೋಟೋ ತೆಗೆಯುತ್ತೇನೆ. ನನ್ನ ವ್ಯಾನ್ ಇಲ್ಲದಿದ್ದರೆ ಲೈಟು, ಸ್ಟ್ಯಾಂಡು ಹೊತ್ತು ಚಿತ್ರದುರ್ಗ, ಹರಿಹರ ತಿರುಗೋಕಾಗೋಲ್ಲ. ಗಾಡಿ ದುಡಿಯುತ್ತಿದ್ದರೆ ಇಟ್ಟುಕೊಳ್ಳಿ. ನಿಮ್ಮದು ದುಡಿಯುತ್ತಿಲ್ಲ ಅನ್ನಿಸುತ್ತೆ.

ಪಾಲಿಸಿ_ಪರಿಚಯ

ವಿಮೆ ಬಗ್ಗೆ ನಾಲ್ಕು ಮಾತು. ನಾನು ಆ ಕ್ಷೇತ್ರದಲ್ಲೇ ಇದ್ದೇನೆ.

ಕಾರ್ ನಿಂತೇ ಇರುತ್ತೆ, ಬರೀ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ) ಮಾಡಿಸಿ ದುಡ್ಡು ಉಳಿಸೋಣ ಅಂತ ಕೆಲವರು ಕೇಳುತ್ತಾರೆ. 1000 ಸಿಸಿ ಒಳಗಿನ ಕಾರಿಗೆ ಅದರ ಪ್ರೀಮಿಯಂ 2022ರಲ್ಲಿ ನಿಗದಿಯಾದ ಪ್ರಕಾರ 2,094 ರೂಪಾಯಿ, ಮೇಲೆ ತೆರಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಸಾಲ ಇರೋ ತನಕ ಬ್ಯಾಂಕ್ ಪೂರ್ಣ ವಿಮೆಯನ್ನೇ ಕೇಳುತ್ತದೆ. ಕರಾರಿನಲ್ಲೇ ಇರುತ್ತದೆ. ಅದೂ ಅಲ್ಲದೆ, ಬೀದಿಯಲ್ಲಿ ನಿಂತ ಕಾರಿನ ಮೇಲೆ ಮಳೆಗೆ ಕೊಂಬೆ ಬಿದ್ದರೆ ಥರ್ಡ್ ಪಾರ್ಟಿಯಲ್ಲಿ ಒಂದು ರೂಪಾಯಿನೂ ಬರೋಲ್ಲ. ಬೆಂಗಳೂರಿನ ಏಪ್ರಿಲ್, ಮೇ ಮಳೆ ಹೇಗೆ ಅಂತ ನಿಮಗೇ ಗೊತ್ತು.

ಮಾರೋದಾದರೆ ಒಂದು ವಿಷಯ ನೆನಪಿಡಿ. ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸಿಗೋ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಒಂದು ವರ್ಷಕ್ಕೆ 20%, ಎರಡಕ್ಕೆ 25%, ಮೂರಕ್ಕೆ 35%, ಹೀಗೆ 50% ತನಕ ಏರುತ್ತದೆ. ಮಾರಿದ ಮೇಲೆ ವಿಮಾ ಕಂಪನಿಗೆ ಬರೆದು ಅದರ ಪತ್ರ ತಗೊಂಡಿಟ್ಟುಕೊಳ್ಳಿ. ಮೂರು ವರ್ಷದೊಳಗೆ ಇನ್ನೊಂದು ಕಾರ್ ತಗೊಂಡರೆ ಅದರ ಸ್ವಂತ ಹಾನಿ ಪ್ರೀಮಿಯಂನಲ್ಲಿ, ಅಂದರೆ ನಿಮ್ಮ ಕಾರಿಗೇ ಆಗೋ ಹಾನಿಗೆ ಕಟ್ಟೋ ಭಾಗದಲ್ಲಿ, ಆ ರಿಯಾಯಿತಿ ಸಿಗುತ್ತದೆ. ಬಹಳ ಜನ ಇದನ್ನು ಸುಮ್ನೆ ಬಿಟ್ಟುಕೊಡುತ್ತಾರೆ.

ಮೈಸೂರು_ಮಂಡಕ್ಕಿ

ಮಾರಿ ಮತ್ತೆ ತಗೊಳ್ಳೋದು ಅಷ್ಟು ಸುಲಭ ಅಲ್ಲ. ಕರ್ನಾಟಕದಲ್ಲಿ ವಾಹನ ತೆರಿಗೆ ದೇಶದಲ್ಲೇ ಜಾಸ್ತಿ ಇರೋ ಕಡೆಗಳಲ್ಲಿ ಒಂದು. 5ರಿಂದ 10 ಲಕ್ಷದ ಹೊಸ ಕಾರಿಗೆ 14%, ಮೇಲೆ ಸೆಸ್. ತೆಂಗಿನಸೀಮೆ ಅವರು ಅದನ್ನು ಈಗಾಗಲೇ ಕಟ್ಟಿದ್ದಾರೆ. ಮೂರು ವರ್ಷ ಆದಮೇಲೆ ಹೊಸ ಕಾರ್ ತಗೊಂಡರೆ ಮತ್ತೆ ಕಟ್ಟಬೇಕು. ಎರಡೂವರೆ ವರ್ಷ ತಡೆದುಕೊಂಡರೆ ಸಾಲವೇ ಇಲ್ಲದ ಕಾರ್ ಕೈಲಿರುತ್ತೆ. ಇದನ್ನೂ ಲೆಕ್ಕಕ್ಕೆ ಸೇರಿಸಿ.

ಲೆಕ್ಕದ_ಪುಸ್ತಕ

ಒಳ್ಳೇ ಮಾತು. ಆದರೆ ಮುಂದೆ ಬೇಕಾದಾಗ ರಾಜ್ಯದಲ್ಲೇ ನೋಂದಣಿ ಆಗಿರೋ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡರೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಹೊಸದೇ ಬೇಕು ಅಂತ ಏನಿಲ್ಲ ಅಲ್ವಾ?

ಈಗ ಓದಿನ ಸಾಲದ ಕಡೆ ನೋಡೋಣ. 4 ಲಕ್ಷ, 11%. ತಿಂಗಳಿಗೆ 9,000 ಕಟ್ಟಿದರೆ ಇನ್ನೂ ನಾಲ್ಕು ಮುಕ್ಕಾಲು ವರ್ಷ. ಕಾರಿನ ಕಂತು 10,500 ಉಳಿದು ಅದನ್ನೂ ಇದಕ್ಕೇ ಹಾಕಿದರೆ ತಿಂಗಳಿಗೆ 19,500. ಎರಡು ವರ್ಷದೊಳಗೆ ಸಾಲ ಮುಗಿಯುತ್ತದೆ. ಬಡ್ಡಿಯಲ್ಲೇ 70,000ದಷ್ಟು ಉಳಿಯುತ್ತದೆ. ಓದಿನ ಸಾಲ ಸಾಮಾನ್ಯವಾಗಿ ಬದಲಾಗುವ ಬಡ್ಡಿಯದು, ಮುಂಚೆ ತೀರಿಸಿದರೆ ದಂಡ ಇರೋಲ್ಲ.

ಯಾರಾದರೂ ಓದಿನ ಸಾಲದ ಬಡ್ಡಿಗೆ 80ಇ ತೆರಿಗೆ ವಿನಾಯಿತಿ ಇದೆ, ನಿಧಾನಕ್ಕೆ ತೀರಿಸಿ ಅಂತ ಹೇಳಬಹುದು. ಆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದ ತನಕ ತೆರಿಗೆಯೇ ಇಲ್ಲ. ಇವರ ಸಂಬಳಕ್ಕೆ 80ಇಯಿಂದ ಏನೂ ಲಾಭ ಇಲ್ಲ.

ನಾನಾದರೆ ಕೈಗೆ ಬರೋ 1.5 ಲಕ್ಷವನ್ನು ಮುಟ್ಟೋಲ್ಲ. ಪೂರ್ತಿ ಎಫ್‌ಡಿಗೆ ಹಾಕಿ ಆಪತ್ತಿಗೆ ಇಡುತ್ತೇನೆ. ಸಾಲಕ್ಕೆ ಉಳಿದ ಕಂತಿನ ದುಡ್ಡು ಸಾಕು.

ಬಸವನಗುಡಿ_ಬೆಣ್ಣೆ

ಮೆಟ್ರೋ ಖರ್ಚು ಹಾಕಲೇ ಇಲ್ಲ ಯಾರೂ. 2025ರ ಫೆಬ್ರವರಿಯಲ್ಲಿ ದರ ಏರಿತಲ್ಲ, ಆಗ ಗರಿಷ್ಠ 90 ರೂಪಾಯಿ ಆಯಿತು. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಒಂದು ಸಲಕ್ಕೆ 60ರ ಆಸುಪಾಸು ಅಂತ ಇಟ್ಟುಕೊಂಡರೂ ವಾರಕ್ಕೆ ಮೂರು ದಿನ ಅಂದರೆ ತಿಂಗಳಿಗೆ 1,600 ದಾಟೋಲ್ಲ. ಸ್ಮಾರ್ಟ್ ಕಾರ್ಡ್‌ಗೆ 5% ರಿಯಾಯಿತಿ. ಜನ ಕಡಿಮೆ ಇರೋ ಹೊತ್ತಿನಲ್ಲಿ ಹೋದರೆ ಇನ್ನೂ 5%. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇರೋದರಿಂದ ನಿಮಗೆ ಟಿಕೆಟ್ ದುಡ್ಡೇ ಇಲ್ಲ. ತಿಪಟೂರಿಗೆ ಹೋಗೋ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿಗೂ ಅಷ್ಟೇ.

ಬೀದರ್_ಬೆಳಗು

ಶಕ್ತಿ ಬಸ್ಸಿನಲ್ಲಿ ಶುಕ್ರವಾರ ಸಂಜೆ ಮೆಜೆಸ್ಟಿಕ್‌ನಿಂದ ಹೊರಟು ನೋಡಿ, ಆಮೇಲೆ ಮಾತಾಡೋಣ. ಸೀಟು ಸಿಗೋದೇ ಕಷ್ಟ. ಆದರೂ ಒಪ್ಪುತ್ತೇನೆ, ಅದು ಲಕ್ಷಾಂತರ ಹೆಣ್ಣುಮಕ್ಕಳಿಗೆ ದಾರಿ ತೆರೆದಿದೆ.

ನನ್ನ ಕಡೆಯಿಂದ ಒಂದೇ ಮಾತು. ಮಾರಿದರೂ ಡ್ರೈವಿಂಗ್ ಬಿಡಬೇಡಿ. ಒಂದು ವರ್ಷ ಮುಟ್ಟದೆ ಇದ್ದರೆ ಧೈರ್ಯ ಹೋಗಿಬಿಡುತ್ತೆ. ನನ್ನ ಅಕ್ಕನಿಗೆ ಹಾಗೇ ಆಯಿತು, ಆಮೇಲೆ ಸ್ಟೀರಿಂಗ್ ಹಿಡಿಯಲೇ ಇಲ್ಲ. ಎರಡು ತಿಂಗಳಿಗೊಮ್ಮೆ ಬಾಡಿಗೆ ಕಾರ್ ತಗೊಂಡು ನೀವೇ ಓಡಿಸಿಕೊಂಡು ಊರಿಗೆ ಹೋಗಿ. ಅಮ್ಮನನ್ನು ಮುಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿ. ಆ ಖರ್ಚನ್ನು ಮೊದಲೇ ಎತ್ತಿಡಿ.

ಮೈಸೂರು_ಮಂಡಕ್ಕಿ

ಬೀದರ್_ಬೆಳಗು ಅವರ ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ಬಾಡಿಗೆ ಕಾರ್ ತಗೊಳ್ಳೋವಾಗ ಹಳದಿ ಅಕ್ಷರದ ಕಪ್ಪು ನಂಬರ್ ಪ್ಲೇಟ್ ಇದೆಯಾ ನೋಡಿ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಬಾಡಿಗೆಗೆ ಕೊಡೋದು ಕಾನೂನಿಗೆ ವಿರುದ್ಧ. ಅಪಘಾತ ಆದರೆ ವಿಮೆ ಸಿಗೋದು ಕಷ್ಟ.

ಗ್ಯಾರೇಜ್_ಗೆಳೆಯ

ಹೌದು. ತಗೊಳ್ಳೋ ಮುಂಚೆ ನಾಲ್ಕೂ ಕಡೆ ವಿಡಿಯೋ ಮಾಡಿ. ಬಂಪರ್ ಕೆಳಭಾಗ, ಚಕ್ರದ ರಿಮ್, ಸ್ಟೆಪ್ನಿ ಎಲ್ಲ ಕಾಣಬೇಕು.

ತೆಂಗಿನಸೀಮೆ

ಊರಿಗೆ ಹೋಗಿದ್ದೆ. ಅಪ್ಪನ ಹತ್ತಿರ ಮಾತಾಡಿದೆ.

ನಾನು ಕಾಗದದ ಮೇಲೆ ಎಲ್ಲ ಬರೆದುಕೊಂಡು ಹೋಗಿದ್ದೆ. ನಿಂತಿದ್ದಕ್ಕೇ 9,600 ಅನ್ನೋದನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಮಾರಿದರೆ ನಿನ್ನ ಓದಿನ ಸಾಲ ಯಾವಾಗ ಮುಗಿಯುತ್ತೆ? ಎರಡು ವರ್ಷದೊಳಗೆ ಅಂದೆ. ಹಾಗಾದರೆ ಮಾರು ಅಂದರು. ಆ ಸಾಲಕ್ಕೆ ಜಾಮೀನು ಹಾಕಿದ್ದು ಅವರು. ಬ್ಯಾಂಕಿನಿಂದ ಕಾಗದ ಬಂದಾಗೆಲ್ಲ ಅವರಿಗೆ ಸಂಕಟ ಆಗುತ್ತಿತ್ತಂತೆ. ಅದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಕಾರ್ ಅವರಿಗೆ ಹೆಮ್ಮೆ ಅಂತಲೇ ನಾನು ತಿಳಿದಿದ್ದೆ. ಹೆಮ್ಮೆಯೂ ಇತ್ತು. ಆದರೆ ಜಾಮೀನಿನ ಭಾರ ಅದಕ್ಕಿಂತ ದೊಡ್ಡದಾಗಿತ್ತು.

ತಿಂಗಳಿಗೆ ಕಳಿಸೋ 6,000ದ ಮಾತೂ ಬಂತು. 2025ರಲ್ಲಿ ಕೊಬ್ಬರಿಗೆ ಹಿಂದೆಂದೂ ಇಲ್ಲದ ಬೆಲೆ ಬಂತಲ್ಲ, ಒಂದು ವರ್ಷ ಕಳಿಸಬೇಡ ಅಂದರು. ನಾನು ಒಪ್ಪಲಿಲ್ಲ. ಅರ್ಧ ಕಳಿಸುತ್ತೇನೆ ಅಂತ ಮಾತಾಯಿತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ರೈಲಲ್ಲಿ ವಾಂತಿ ಬರೋಲ್ಲ, ಮುಂದಿನ ಸಲ ನಾನೇ ಬೆಂಗಳೂರಿಗೆ ಬರುತ್ತೇನೆ ಅಂದಳು.

ಹಾಗಾಗಿ ಮಾರುತ್ತಿದ್ದೇನೆ. ಸಾಲ ಇರೋ ಕಾರ್ ಮಾರೋ ಕ್ರಮ ಹೇಗೆ? ಯಾವ ಕಾಗದ ಮೊದಲು? ಡೀಲರ್ ಒಬ್ಬರು ಈಗಲೇ ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿ ಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ.

ಪಾಲಿಸಿ_ಪರಿಚಯ

ಖಾಲಿ ಫಾರ್ಮ್‌ಗೆ ಸಹಿ ಹಾಕಲೇಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಾರ್ ಯಾರ ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಮಾರಿದ ಮೇಲೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಇದ್ದು, ಆ ಕಾರ್ ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸಿನಲ್ಲಿ ನೋಟಿಸ್ ಬರೋದು ನಿಮ್ಮ ಮನೆಗೆ. ಅಂಥವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಲೆಕ್ಕದ_ಪುಸ್ತಕ

ಕ್ರಮ ಹೀಗೆ. ಮೊದಲು ಬ್ಯಾಂಕಿನಿಂದ ಸಾಲ ಮುಚ್ಚೋಕೆ ಎಷ್ಟು ಅಂತ ಪತ್ರ ತಗೊಳ್ಳಿ. ಅದರಲ್ಲಿ ದಿನಾಂಕ ಇರುತ್ತದೆ, ಅಷ್ಟರೊಳಗೆ ಕಟ್ಟಬೇಕು. ಕೊಳ್ಳೋರು ಆ ಮೊತ್ತವನ್ನು ನೇರ ನಿಮ್ಮ ಸಾಲದ ಖಾತೆಗೆ ಹಾಕಲಿ. ಉಳಿದದ್ದು ನಿಮ್ಮ ಉಳಿತಾಯ ಖಾತೆಗೆ. ಸಾಲ ಮುಗಿದ ಮೇಲೆ ಬ್ಯಾಂಕ್ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ಕೊಡುತ್ತದೆ. ಅದರಿಂದ ಆರ್‌ಸಿಯಲ್ಲಿರೋ ಬ್ಯಾಂಕಿನ ಹೆಸರು ತೆಗೆಸಬೇಕು. ಆಮೇಲೆ ಕೊಳ್ಳೋರ ಹೆಸರಿಗೆ ವರ್ಗಾಯಿಸೋಕೆ ಫಾರ್ಮ್ 29, ಫಾರ್ಮ್ 30.

ಡೀಲರ್‌ಗೇ ಕೊಡೋದಾದರೆ ಅವರು ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆದವರಾ ಅಂತ ಕೇಳಿ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರ್‌ಗೆ ಕಾರ್ ಒಪ್ಪಿಸಿದ್ದನ್ನು ಫಾರ್ಮ್ 29ಸಿಯಲ್ಲಿ ಪೋರ್ಟಲ್ ಮೂಲಕ ತಿಳಿಸೋ ವ್ಯವಸ್ಥೆ ಇದೆ. ಅಲ್ಲಿಂದ ಆ ಕಾರಿನ ಹೊಣೆ ಡೀಲರ್‌ದು. ಪತ್ರ ಇಲ್ಲದವರಾದರೆ ಬೇರೆಯವರನ್ನು ನೋಡಿ, 10,000 ಕಡಿಮೆ ಸಿಕ್ಕರೂ ಪರವಾಗಿಲ್ಲ.

ಮಲೆನಾಡ_ಮಳೆ

ಬಾಕಿ ಇರೋ ಟ್ರಾಫಿಕ್ ದಂಡ ಇದ್ದರೆ ಮೊದಲೇ ಕಟ್ಟಿಬಿಡಿ. ವರ್ಗಾವಣೆಗೆ ಅದು ಅಡ್ಡ ಬರುತ್ತೆ. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ತೆಂಗಿನಸೀಮೆ

ಖಂಡಿತ ಹೇಳುತ್ತೇನೆ. ಬ್ಯಾಂಕಿಗೆ ಪತ್ರ ಕೇಳಿ ಇವತ್ತೇ ಇಮೇಲ್ ಹಾಕಿದೆ. ಫಾಸ್ಟ್ಯಾಗ್ ಏನು ಮಾಡಲಿ? ಅದರಲ್ಲಿ ಸ್ವಲ್ಪ ದುಡ್ಡೂ ಇದೆ.

ಗ್ಯಾರೇಜ್_ಗೆಳೆಯ

ಗಾಜಿನಿಂದ ಕಿತ್ತರೆ ಸಾಲದು. ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಉಳಿದ ದುಡ್ಡು ವಾಪಸ್ ಬರುತ್ತದೆ. ಹಾಗೇ ಬಿಟ್ಟರೆ ಹೊಸ ಮಾಲೀಕರು ದಾಟಿದ ಟೋಲ್ ನಿಮ್ಮ ಖಾತೆಯಲ್ಲಿ ಕಟ್ ಆಗುತ್ತದೆ. ಒಂದು ಕಾರಿಗೆ ಒಂದೇ ಟ್ಯಾಗ್ ಆದ್ದರಿಂದ ಅವರಿಗೂ ಹೊಸದು ಸಿಗೋಲ್ಲ. ಡ್ಯಾಶ್‌ಬೋರ್ಡ್ ಡಬ್ಬಿ ಪೂರ್ತಿ ಖಾಲಿ ಮಾಡಿ, ಬ್ಲೂಟೂತ್‌ನಲ್ಲಿ ನಿಮ್ಮ ಫೋನ್ ಹೆಸರು ಅಳಿಸಿ. ಎರಡನೇ ಕೀಯನ್ನು ದುಡ್ಡು ಖಾತೆಗೆ ಬಂದು, ಕಾರ್ ಒಪ್ಪಿಸಿದ್ದಕ್ಕೆ ದಿನಾಂಕ ಮತ್ತು ಗಂಟೆ ಬರೆದ ರಸೀದಿ ಕೈಗೆ ಸಿಕ್ಕ ಮೇಲೆಯೇ ಕೊಡಿ.